ಹೊತ್ತು ಹೇಳಿ ಹತ್ತಿದ ಗುಡ್ಡ

ಸ್ಟಾಫ್‌ರೂಮಿನಲ್ಲಿ ನನ್ನ ಕಿರಿಯ ಸಹೋದ್ಯೋಗಿಗಳು ಚಾರಣದ ಫೋಟೋ ತೋರಿಸಿ, ಮುಂದಿನ ಸಲ ನೀವೂ ಬನ್ನಿ ಮೇಡಂ ಎಂದು ಕರೆಯುತ್ತಾರೆ. ನಾನು ಮಂಡಿನೋವಿನ ನೆಪ ಹೇಳುತ್ತೇನೆ. ಮಂಡಿಗೆ ಏನೂ ಆಗಿಲ್ಲ. ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ದಿನಾ ನಡೆದೇ ಹೋಗುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಗುಡ್ಡ ಎಂದರೆ ಹೆದರಿಕೆ. ಜೀವಮಾನದಲ್ಲಿ ಒಂದೇ ಸಲ ಹತ್ತಿದ್ದು, ಅದೂ ಅಣ್ಣನ ಜೊತೆ. ಆಗ ಅವನಿಗೆ ಐವತ್ತನಾಲ್ಕು, ನನಗೆ ನಲವತ್ತೆಂಟು. ಹತ್ತುವ ವಯಸ್ಸಲ್ಲ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಹತ್ತುವಾಗ ನಮಗೆ ಏನೂ ಆಗಲಿಲ್ಲ.

ನಮ್ಮದು ಹಂಗಾರಕಟ್ಟೆಯ ಮೀನುಗಾರರ ಮನೆ. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದ, ಅಣ್ಣ ಬೋಟಿನಲ್ಲಿ ಹೋಗುತ್ತಾನೆ. ಈಗ ಅವನು ತಾಂಡೇಲ, ಅಂದರೆ ಬೋಟು ನಡೆಸುವವ. ನೀರಿನ ಮೇಲೆ ತಾಂಡೇಲನ ಮಾತಿಗೆ ಯಾರೂ ಎದುರಾಡುವುದಿಲ್ಲ. ಅವನು ಎಡಕ್ಕೆ ಎಂದರೆ ಎಡಕ್ಕೆ. ಇದರಿಂದ ಆಗುವ ಒಂದು ತೊಂದರೆ ಏನೆಂದರೆ, ದಡಕ್ಕೆ ಬಂದ ಮೇಲೂ ಅವನಿಗೆ ಅದೇ ಅಭ್ಯಾಸ. ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಅತ್ತಿಗೆಯ ಸೀರೆ ಆರಿಸುವಾಗಲೂ ಅವನು ಎಡಕ್ಕೆ ಎಂದರೆ ಎಡಕ್ಕೆ.

ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟುಪಾಡು ಇತ್ತು. ಕಡಲಿಗೆ ಹೊರಟವರನ್ನು ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಬಾರದು. ಯಾರಾದರೂ ಕೇಳಿದರೂ ಹೊರಟವರು ಹೇಳಬಾರದು. ಹೊತ್ತು ಹೇಳಿದರೆ ಕಡಲಿಗೆ ಕೇಳುತ್ತದೆ ಎನ್ನುತ್ತಿದ್ದಳು ಅಮ್ಮ. ಅಪ್ಪ ಹೊರಡುವಾಗ ಅವಳು ಅಡುಗೆಮನೆಗೆ ಹೋಗಿ ಏನಾದರೂ ತೊಳೆಯುತ್ತಿದ್ದಳು, ಬಾಗಿಲಿಗೆ ಬರುತ್ತಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅಪ್ಪನ ದೋಣಿ ಗಾಳಿಗೆ ಸಿಕ್ಕಿ ಎಲ್ಲೆಲ್ಲೋ ಹೋಯಿತು. ಅವನು ಮೂರನೆಯ ದಿನ ತುಟಿ ಒಡೆದುಕೊಂಡು, ಮಾತು ನಿಂತುಹೋಗಿ ಮನೆಗೆ ಬಂದ. ಅಲ್ಲಿಯ ತನಕ ಹುಡುಕಲು ಯಾರೂ ಹೋಗಿರಲಿಲ್ಲ. ತಡವಾಗಿದೆ ಎಂದು ಅಮ್ಮನಿಗೆ ಗೊತ್ತೇ ಇರಲಿಲ್ಲ. ತಡ ಎನ್ನಲು ಮೊದಲು ಒಂದು ಹೊತ್ತು ಬೇಕಲ್ಲ. ಆದರೂ ನಮ್ಮಲ್ಲಿ ಯಾರಿಗೂ ಆ ಕಟ್ಟುಪಾಡನ್ನು ಬಿಡಬೇಕು ಅನ್ನಿಸಲಿಲ್ಲ. ಅಪ್ಪ ಬದುಕಿ ಬಂದದ್ದೇ ಅದರಿಂದ ಎಂದು ಅಮ್ಮ ನಂಬಿದಳು.

ಇನ್ನು ಗುಡ್ಡದ ವಿಷಯ. ಬೈಂದೂರಿನಿಂದ ಮೂಡಣಕ್ಕೆ, ಘಟ್ಟದ ಸಾಲಿನಲ್ಲಿ, ಎರಡು ತಲೆ ಇರುವ ಒಂದು ಗುಡ್ಡವಿದೆ. ಊರವರು ಅದಕ್ಕೆ ಏನು ಹೆಸರಿಟ್ಟಿದ್ದಾರೋ, ನಮ್ಮ ಕಡೆಯ ಮೀನುಗಾರರು ಅದನ್ನು ಎರಡು ಮಂಡೆ ಎನ್ನುತ್ತಾರೆ. ಜಿಪಿಎಸ್ ಬರುವ ಮೊದಲು ಕಡಲಿನಲ್ಲಿದ್ದವರಿಗೆ ಅದೇ ಗುರುತು. ಎರಡು ಮಂಡೆ ಒಂದರ ಹಿಂದೆ ಒಂದು ಅಡಗಿದರೆ ಇಂಥ ಕಡೆ ಬಂದೆವು, ಬಿಡಿಯಾಗಿ ಕಂಡರೆ ಇಂಥ ಕಡೆ ಎಂದು ಲೆಕ್ಕ. ಅಣ್ಣ ಮೂವತ್ತು ವರ್ಷ ಆ ಗುಡ್ಡವನ್ನು ನೀರಿನಿಂದ ನೋಡಿದವನು. ಸಾಯುವುದರೊಳಗೆ ಒಮ್ಮೆ ಅದರ ಮೇಲೆ ನಿಂತು ಕಡಲು ನೋಡಬೇಕು ಎಂದು ಹೇಳುತ್ತಲೇ ಇದ್ದ. ಅತ್ತಿಗೆ ಬರುವುದಿಲ್ಲ ಎಂದಳು. ನನಗೆ ಬೇಸಿಗೆ ರಜೆ ಮುಗಿದಿತ್ತು, ಆದರೆ ಭಾನುವಾರ ಇತ್ತು.

ಬೇಸಿಗೆಯಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇಸಿಗೆಯಲ್ಲಿ ತಾಂಡೇಲನಿಗೆ ಬಿಡುವು ಎಲ್ಲಿದೆ? ಜೂನ್ ಒಂದಕ್ಕೆ ಬೋಟುಗಳೆಲ್ಲ ದಡ ಸೇರಿ ಎರಡು ತಿಂಗಳ ರಜೆ ಶುರುವಾದ ಮೇಲೆಯೇ ಮೀನುಗಾರನಿಗೆ ತಿರುಗಾಟ. ಅಂದರೆ ಗುಡ್ಡ ಹತ್ತಲೇಬಾರದ ಹೊತ್ತಿಗೆ ಸರಿಯಾಗಿ ನಮಗೆ ಪುರುಸೊತ್ತಾಗುತ್ತದೆ. ಮಳೆ ಇನ್ನೂ ಹಿಡಿದಿಲ್ಲ, ಬಂದದ್ದು ಒಂದೆರಡು ಹನಿ ಮಾತ್ರ ಎಂದು ಅಣ್ಣ ಹೇಳಿದ. ಮೋಡ ನೋಡಿ ಮಳೆ ಹೇಳುವವನ ಮಾತು, ನಾನು ನಂಬಿದೆ.

ಬೋಟಿನಲ್ಲಿ ಅವನಿಗೆ ಜಿಪಿಎಸ್ ಇದೆ, ವಯರ್‌ಲೆಸ್ ಇದೆ, ಲೈಫ್ ಜಾಕೆಟ್ ಇದೆ, ಮೂರು ದಿನಕ್ಕೆ ಹೆಚ್ಚಾಗುವಷ್ಟು ನೀರು ಇರುತ್ತದೆ. ಗುಡ್ಡಕ್ಕೆ ನಾವು ತಂದದ್ದು ಎರಡು ಕೊಡೆ, ಒಂದು ಬಾಟಲಿ ನೀರು, ಡಬ್ಬಿಯಲ್ಲಿ ಕಲಸಿದ ಅವಲಕ್ಕಿ. ಅವನ ಕಾಲಲ್ಲಿ ಹವಾಯಿ ಚಪ್ಪಲಿ. ಗುಡ್ಡ ಎಂದರೆ ಅಲ್ಲಾಡದ ನೆಲ, ಅದಕ್ಕೆ ಇಷ್ಟು ಸಾಕು ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು.

ರಸ್ತೆ ಗುಡ್ಡವನ್ನು ಸುತ್ತಿಕೊಂಡು ಅದರ ಬೆನ್ನಿನ ಕಡೆ, ಮೂಡು ಬದಿಗೆ ಹೋಗುತ್ತದೆ. ಕಾಲುದಾರಿ ಶುರುವಾಗುವಲ್ಲಿ ಒಂದು ಹಂಚಿನ ಮನೆ. ಅದರ ಅಂಗಳದಲ್ಲಿ ಬೈಕು ನಿಲ್ಲಿಸಲೇ ಎಂದು ಅಣ್ಣ ಕೇಳಿದ. ಮನೆಯ ಹೆಂಗಸು, ನನ್ನದೇ ವಯಸ್ಸಿನವರು, ಕೈಯಲ್ಲಿ ಹುಲ್ಲಿನ ಹೊರೆ ಹಿಡಿದುಕೊಂಡೇ ನಮ್ಮನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. ಚಪ್ಪಲಿಯನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಮೇಲೆ ಬರೀ ಹುಲ್ಲು, ದಾರಿ ಕಾಣುವುದಿಲ್ಲ, ಬಂದ ಗುರುತು ನೋಡಿಕೊಂಡು ಹೋಗಿ ಎಂದರು. ಆಮೇಲೆ ಹೊರೆ ಕೆಳಗಿಟ್ಟು ಹೇಳಿದರು: "ಮಂಜ್ ಬಂದ್ರೆ ಕೂತಲ್ಲೇ ಕೂಕಣಿ. ಇಳುಕ್ ಹೋಪುಕಾಗ. ಎಷ್ಟ್ ಹೊತ್ತಿಗೆ ಬತ್ರಿ?"

ಅಣ್ಣನ ಮುಖ ಗಂಟಾಯಿತು. ಹೊರಟವನ ಎದುರು ಆ ಪ್ರಶ್ನೆ ಬಂದರೆ ನಮ್ಮಲ್ಲಿ ಕೆಲವರು ಮನೆಗೆ ವಾಪಸು ಹೋಗಿ, ಕೂತು ನೀರು ಕುಡಿದು ಮತ್ತೆ ಹೊರಡುತ್ತಾರೆ. ಅವನು ಉತ್ತರಿಸದೆ ಕೊಡೆ ತೆಗೆದುಕೊಂಡು ದಾರಿ ಹಿಡಿದ. ಆ ಹೆಂಗಸಿಗೆ ಇದು ಹೇಗೆ ಗೊತ್ತಾಗಬೇಕು? ಸೊಕ್ಕಿನ ಜನ ಎಂದುಕೊಂಡಿರಬೇಕು. ನನಗೆ ಮುಜುಗರವಾಯಿತು. ಅಣ್ಣ ಹತ್ತು ಹೆಜ್ಜೆ ಮುಂದೆ ಹೋದದ್ದು ನೋಡಿ, ಅವರ ಹತ್ತಿರ ಹೋಗಿ ಸಣ್ಣ ದನಿಯಲ್ಲಿ, ಎರಡು ಗಂಟೆಗೆ ಬರುತ್ತೇವೆ ಎಂದು ಹೇಳಿದೆ. ಹೇಳಿದ ಕೂಡಲೇ ಬಾಯಿ ಕಹಿಯಾಯಿತು. ಹುಟ್ಟಿದ ಮೇಲೆ ಯಾರ ಪ್ರಯಾಣಕ್ಕೂ ನಾನು ಹೊತ್ತು ಹೇಳಿದ್ದು ಅದೇ ಮೊದಲು.

ಹತ್ತಿದ್ದು ಸುಲಭವಾಗಿಯೇ. ಕಾಡಿನೊಳಗೆ ಇಂಬಳ, ಅಂದರೆ ಜಿಗಣೆಗಳು, ಕಾಲಿಗೆ ಹತ್ತಿಕೊಂಡವು, ಅಣ್ಣ ಅವನ್ನು ಕಿತ್ತು ಎಸೆಯುತ್ತಾ ಇವಕ್ಕಿಂತ ಮೈಗೆ ತಾಗಿದರೆ ಉರಿಯುವ ಕಡಲಿನ ಅಂಬಲಿಮೀನೇ ವಾಸಿ ಎಂದ. ಹನ್ನೊಂದೂವರೆಗೆ ಕಾಡು ಮುಗಿದು ಹುಲ್ಲು ಶುರುವಾಯಿತು, ಹನ್ನೆರಡಕ್ಕೆ ಮೇಲಿದ್ದೆವು. ಕಡಲು ಕಂಡಿತು. ಅಷ್ಟು ದೂರಕ್ಕೆ ಅದು ನೀರಿನಂತೆ ಕಾಣುತ್ತಿರಲಿಲ್ಲ. ಅಣ್ಣ ಕೈ ಚಾಚಿ, ತಾನು ಬಲೆ ಬಿಡುವುದು ಅಲ್ಲಿ, ಅಪ್ಪ ದಿಕ್ಕು ತಪ್ಪಿದ್ದು ಅಲ್ಲಿ ಎಂದು ತೋರಿಸಿದ. ಅವನ ಕಣ್ಣಲ್ಲಿ ನೀರಿತ್ತು. ನಾನು ನೋಡದವಳ ಹಾಗೆ ಅವಲಕ್ಕಿ ಡಬ್ಬಿ ಬಿಚ್ಚಿದೆ.

ಅವಲಕ್ಕಿ ತಿಂದು ಮುಗಿಯುವ ಮೊದಲೇ ಕಡಲು ಇರಲಿಲ್ಲ. ಮಂಜು ಮೇಲಿನಿಂದ ಇಳಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ಕೆಳಗಿನಿಂದ, ಕಡಲಿನ ಕಡೆಯಿಂದ ಹತ್ತಿ ಬಂತು. ಎದುರಿನ ಮಂಡೆ ಹೋಯಿತು, ಹತ್ತು ಮಾರು ದೂರದ ಬಂಡೆ ಹೋಯಿತು, ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿ ಕೂಡ ಮಸುಕಾಯಿತು. ಅಣ್ಣ ಎದ್ದು ನಿಂತ, ಅವನ ಸೊಂಟದಿಂದ ಮೇಲೆ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬಂದ ಗುರುತು ನೋಡೋಣ ಎಂದು ಹುಲ್ಲಿನಲ್ಲಿ ಹುಡುಕಿದೆವು. ಎಲ್ಲ ಕಡೆಯೂ ಒಂದೇ ಹುಲ್ಲು.

ಕೂತಲ್ಲೇ ಕೂರಿ, ಇಳಿಯಲು ಹೋಗಬೇಡಿ ಎಂದಿದ್ದರಲ್ಲ ಆ ಅಕ್ಕ ಎಂದು ನಾನು ನೆನಪಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಕಡಲಿನಲ್ಲಿ ಮಂಜು ಕವಿದರೆ ಕೂತು ಏನು ಮಾಡುತ್ತಾರೆ? ಗಾಳಿ ಹಿಡಿದು ದಿಕ್ಕು ತಿಳಿದುಕೊಳ್ಳುತ್ತಾರೆ. ಅವನೂ ಮುಖ ಎತ್ತಿ ಗಾಳಿ ಹಿಡಿದ. ಗಾಳಿ ಪಡುವಣದ್ದು, ಕಡಲಿನಿಂದ ನೇರ ಬರುತ್ತಿತ್ತು.

"ಪಡು ಬದಿಗೇ ಇಳ್ದ್ ಹೋಪ," ಎಂದ. "ಆ ಬದಿ ಇಳಿಜಾರ್ ನಾ ಮೂವತ್ತ್ ವರ್ಷ ಕಂಡಿದ್ದೆ. ಕವುಚಿ ಹಾಕಿದ ದೋಣಿ ಹಾಂಗೆ ಇತ್ತ್."

ಅವನು ಸುಳ್ಳು ಹೇಳಲಿಲ್ಲ. ಕಡಲಿನಿಂದ ನೋಡಿದರೆ ಎರಡು ಮಂಡೆಯ ಪಡು ಬದಿ ಹಾಗೆಯೇ ಕಾಣುತ್ತದೆ. ದೋಣಿಯ ಬೆನ್ನಿನಂತೆ ನುಣ್ಣಗೆ, ನೀಲಿಯಾಗಿ. ನಾನೂ ಹಂಗಾರಕಟ್ಟೆಯ ಅಳಿವೆಯಿಂದ ನೋಡಿದ್ದೆ. ನನಗೂ ಅದು ಸರಿಯೇ ಅನ್ನಿಸಿತು. ಪಡುವಣಕ್ಕೆ ಇಳಿದರೆ ಕಡಲು, ಕಡಲೆಂದರೆ ಮನೆ. ನಮ್ಮವರಿಗೆ ಬೇರೆ ದಿಕ್ಕು ತೋಚುವುದಿಲ್ಲ. ನಾನು ಅವನ ಹಿಂದೆ ಹೊರಟೆ.

ನೂರು ಹೆಜ್ಜೆ ಹೋಗಿರಬಹುದು. ಹುಲ್ಲು ಇಳಿಜಾರಾಯಿತು, ಆಮೇಲೆ ಇನ್ನೂ ಇಳಿಜಾರಾಯಿತು. ಕಾಲ ಕೆಳಗೆ ಒದ್ದೆ ಬಂಡೆ ಸಿಕ್ಕಿತು. ಅಣ್ಣನ ಕಾಲು ಜಾರಿತು. ಅವನು ಕೂತ ಹಾಗೆಯೇ ಎರಡು ಮೊಳ ಕೆಳಗೆ ಹೋಗಿ, ಹುಲ್ಲಿನ ಬುಡ ಹಿಡಿದು ನಿಂತ. ಅವನ ಒಂದು ಚಪ್ಪಲಿ ಮತ್ತು ಕೊಡೆ ಮುಂದೆ ಹೋದವು. ಕೊಡೆ ಬಂಡೆಗೆ ಒಮ್ಮೆ ತಾಗಿದ ಸದ್ದು ಕೇಳಿತು. ಎರಡನೆಯ ಸದ್ದಿಗಾಗಿ ನಾನು ಕಾದೆ. ಅದು ಬರಲಿಲ್ಲ.

ಅಣ್ಣ ತೆವಳಿಕೊಂಡು ಮೇಲೆ ಬಂದ. ಬಂದವನು ಉಸಿರು ತೆಗೆದುಕೊಂಡು ಹೇಳಿದ್ದು, ಸ್ವಲ್ಪ ಎಡಕ್ಕೆ ಹೋಗಿ ನೋಡೋಣ ಎಂದು. ಎದ್ದೂ ನಿಂತ. ನಾನು ಅವನ ಅಂಗಿಯ ತುದಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟೆ.

"ನಾ ಬತ್ತಿಲ್ಲೆ ಅಣ್ಣ," ಎಂದೆ. "ನಿನ್ನನ್ನೂ ಬಿಡ್ತಿಲ್ಲೆ."

ಅವನು ಎರಡು ಸಲ ಎಳೆದ. ಅಂಗಿಯ ಹೊಲಿಗೆ ಬಿಟ್ಟ ಸದ್ದು ಕೇಳಿತು. ನಾನು ಬಿಡಲಿಲ್ಲ. ಅವನಿಗೆ ಯಾರಾದರೂ ಆಗುವುದಿಲ್ಲ ಎಂದು ಹೇಳಿ ಎಷ್ಟು ವರ್ಷವಾಗಿತ್ತೋ. ಬೈಯುತ್ತಾನೆ ಎಂದುಕೊಂಡೆ. ಅವನು ನನ್ನ ಪಕ್ಕದಲ್ಲಿ ಕೂತ. ಕೂತ ಮೇಲೆ ಅವನ ಮೊಣಕಾಲು ನಡುಗುತ್ತಿರುವುದು ನನ್ನ ಕಾಲಿಗೆ ತಾಗಿ ಗೊತ್ತಾಯಿತು. ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಆಗ. ತಾಂಡೇಲ ನಡುಗಿದರೆ ಬೋಟಿನಲ್ಲಿರುವವರಿಗೆ ಇನ್ನು ಯಾರು ದಿಕ್ಕು?

ಉಳಿದ ಒಂದು ಕೊಡೆಯ ಕೆಳಗೆ ಇಬ್ಬರೂ ಒತ್ತಿಕೊಂಡು ಕೂತೆವು. ಮಳೆ ಜೋರಿಲ್ಲ, ಆದರೆ ಬಟ್ಟೆಯೆಲ್ಲ ಒದ್ದೆ. ಫೋನು ತೆಗೆದರೆ ನೆಟ್‌ವರ್ಕ್ ಇಲ್ಲ, ಗಂಟೆ ಮಾತ್ರ ತೋರಿಸುತ್ತಿತ್ತು. ಒಂದು ಗಂಟೆ ಐದು ನಿಮಿಷ. ಸ್ವಲ್ಪ ಹೊತ್ತಿನ ಮೇಲೆ ಅಣ್ಣ, ನಮ್ಮನ್ನು ಹುಡುಕಿ ಯಾರೂ ಬರುವುದಿಲ್ಲ ಎಂದ. ನಾವು ಎಲ್ಲಿದ್ದೇವೆ ಎಂದು ಯಾರಿಗೆ ಗೊತ್ತು? ಅತ್ತಿಗೆಗೆ ಗುಡ್ಡ ಎಂದಷ್ಟೇ ಗೊತ್ತು, ಅವಳು ಹೊತ್ತು ಕೇಳಿರಲಿಲ್ಲ, ಕೇಳುವವಳೂ ಅಲ್ಲ. ರಾತ್ರಿಯಾದರೂ ಅವಳು ಅಡುಗೆಮನೆಯಲ್ಲಿ ಏನಾದರೂ ತೊಳೆಯುತ್ತಾ ಇರುತ್ತಾಳೆ. ಅಮ್ಮನಿಂದ ಕಲಿತದ್ದು ಅದೇ.

ನನ್ನ ಬಾಯಿಯವರೆಗೆ ಬಂತು, ಒಬ್ಬರಿಗೆ ಗೊತ್ತು, ನಾನು ಹೇಳಿದ್ದೇನೆ ಎಂದು. ಹೇಳಲಾಗಲಿಲ್ಲ. ಹೇಳಿದರೆ ಅವನು ಏನು ಯೋಚಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಯಾಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ. ಹದಿನೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು, ಮಂಜು ಹೇಗೆ ಆಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದವಳು. ಆದರೂ ಆ ಬಂಡೆಯ ಮೇಲೆ ಕೂತು, ನನ್ನ ಬಾಯಿಯಿಂದಲೇ ಈ ಮಂಜು ಬಂತು ಎಂದು ನಂಬಿದೆ. ನಾಚಿಕೆಯಾಗುತ್ತದೆ, ಆದರೆ ನಂಬಿದ್ದು ನಿಜ. ಜೀವ ಉಳಿಸಬಹುದಾದ ಮಾತು ಮತ್ತು ಜೀವ ತೆಗೆಯುವ ಮಾತು ನನಗೆ ಒಂದೇ ಆಗಿತ್ತು, ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿದ್ದೆ.

ಎರಡು ಗಂಟೆಯಾಯಿತು. ಇನ್ನು ಮೇಲೆ ನಾವು ತಡವಾದವರು. ಎರಡೂಕಾಲಿಗೆ ಆ ಅಕ್ಕ ಒಮ್ಮೆ ದಾರಿ ನೋಡುತ್ತಾರೆ, ಎರಡೂವರೆಗೆ ಇನ್ನೊಮ್ಮೆ. ಅಥವಾ ಬೈಕನ್ನು ನೋಡಿ, ಸೊಕ್ಕಿನವರು, ಎಲ್ಲಿಗಾದರೂ ಹೋಗಲಿ ಎಂದುಕೊಳ್ಳುತ್ತಾರೆ. ಮೂರಾಯಿತು. ಅಣ್ಣ ಎಷ್ಟಾಯ್ತು ಎಂದು ಕೇಳುತ್ತಲೇ ಇದ್ದ, ಪ್ರತಿ ಸಲವೂ ಅವನ ಹಲ್ಲು ಕಟಕಟ ಎನ್ನುವುದು ಹೆಚ್ಚಾಗುತ್ತಿತ್ತು. ಚಪ್ಪಲಿ ಇಲ್ಲದ ಅವನ ಪಾದ ಸುಣ್ಣದಂತೆ ಬೆಳ್ಳಗಾಗಿತ್ತು. ನಾನು ಅದನ್ನು ನನ್ನ ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ನಾಲ್ಕಾಯಿತು. ಕತ್ತಲಾದರೆ ಇವನು ಎದ್ದು ನಡೆಯುತ್ತಾನೆ, ಆಗ ನನ್ನ ಕೈಗೆ ಬಲ ಇರುವುದಿಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಅವನ ಅಂಗಿಯ ತುದಿಯನ್ನು ನನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಹಿಂದಿನಿಂದ ಯಾರೋ ಹ್ವಾಯ್ ಎಂದರು. ನಾನು ಕೂಗಿದ್ದು ಮನುಷ್ಯರ ದನಿಯಾಗಿತ್ತೋ ಇಲ್ಲವೋ. ಕೂಗುತ್ತಾ ಇರಿ, ಏಳಬೇಡಿ ಎಂದು ಆ ಕಡೆಯಿಂದ ಹೇಳಿದರು. ಕೊನೆಗೆ ಮಂಜಿನೊಳಗಿಂದ ಒಂದು ಟಾರ್ಚಿನ ಬೆಳಕು, ಅದರ ಹಿಂದೆ ಆ ಹೆಂಗಸು, ಅವರ ಹಿಂದೆ ಹೆಗಲಿಗೆ ಹಗ್ಗ ಹಾಕಿಕೊಂಡ ಅವರ ಗಂಡ ಕಾಣಿಸಿದರು. ಗಂಡ ನಮ್ಮ ಹತ್ತಿರ ಬರಲಿಲ್ಲ. ದೂರವೇ ನಿಂತು ಹಗ್ಗ ಎಸೆದು, ಹಿಡಿದುಕೊಂಡು ಕೂತೇ ಮೇಲೆ ಸರಿಯಿರಿ ಎಂದರು. ನಾವು ಸರಿಯುತ್ತಿರುವಾಗ ಗಾಳಿಗೆ ಮಂಜು ಒಂದು ಕ್ಷಣ ಹರಿಯಿತು. ನಾವು ನಾಲ್ಕು ಗಂಟೆ ಕೂತ ಜಾಗದಿಂದ ಎರಡು ಮಾರು ಆಚೆಗೆ ಬಂಡೆ ಮುಗಿದಿತ್ತು. ಅದರ ಕೆಳಗೆ, ಬಹಳ ಕೆಳಗೆ, ಮರಗಳ ತಲೆ ಕಂಡವು. ಎಡಕ್ಕೂ ಅಷ್ಟೇ.

ಹೆಂಗಸು ಅಣ್ಣನ ತೋಳು ಹಿಡಿದು ನಿಲ್ಲಿಸಿದರು. ಬೈಯುವ ದನಿಯಲ್ಲೇ ಹೇಳಿದರು: "ಎರಡ್ ಗಂಟಿಗೆ ಬತ್ತೊ ಅಂದಿದ್ರಲ್ಲ. ಮೂರರ್ ತನ್ಕ ಕಂಡೆ, ಮತ್ತೆ ಇವ್ರನ್ನ ಎಬ್ಸ್ಕಂಡ್ ಬಂದೆ."

ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಾನು ನೆಲ ನೋಡಿದೆ.

ಅವರ ಮನೆಯಲ್ಲಿ ಒಣಬಟ್ಟೆ ಕೊಟ್ಟರು, ಬಿಸಿ ಗಂಜಿ ಕೊಟ್ಟರು. ಅಣ್ಣ ಗಂಜಿ ಉಂಡ, ಕೈಮುಗಿದ. ಬೈಕಿನಲ್ಲಿ ಬೈಂದೂರು ದಾಟಿದೆವು. ಕುಂದಾಪುರದಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಬೈಕು ನಿಲ್ಲಿಸಿ, ಹಿಂದೆ ತಿರುಗದೆಯೇ ಕೇಳಿದ: "ಹೊತ್ತ್ ಹೇಳ್ದದ್ದ್ ನೀನಾ?"

ಹೌದು ಎಂದೆ. ಬಂಡೆಯ ಮೇಲೆ ಆದಷ್ಟೇ ಹೆದರಿಕೆ ಆಗಲೂ ಆಯಿತು. ಅವನು ಹೂಂ ಎಂದು ಬೈಕು ಬಿಟ್ಟ. ಆ ಹೂಂ ಎಂದರೆ ಏನೆಂದು ಎರಡು ತಿಂಗಳು ನನಗೆ ತಿಳಿಯಲಿಲ್ಲ.

ಆಗಸ್ಟಿನಲ್ಲಿ ರಜೆ ಮುಗಿದು ಬೋಟುಗಳು ಹೊರಟವು. ಅವನು ಹೊರಡುವ ದಿನ ನಾನು ಅವರ ಮನೆಯಲ್ಲಿದ್ದೆ. ಎಂದಿನಂತೆ ಅತ್ತಿಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದವನು ವಾಪಸು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಾಡಿದ್ದ್ ಮೂರ್ ಗಂಟಿಗೆ ಬತ್ತೆ," ಎಂದ. "ಐದ್ ಗಂಟಿಗೂ ಬರ್ದಿದ್ರೆ ಬಂದರಿಗೆ ಫೋನ್ ಮಾಡ್."

ಅತ್ತಿಗೆಯ ಕೈಯಿಂದ ಲೋಟ ಬಿತ್ತು. ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. ಗುಡ್ಡದಲ್ಲಿ ಆದದ್ದನ್ನೆಲ್ಲ ಅವಳಿಗೆ ಹೇಳಿದ್ದೆವು, ಹೊತ್ತಿನ ಮಾತೊಂದನ್ನು ಬಿಟ್ಟು. ಈಗ ಅದನ್ನೂ ಹೇಳಿದೆ. ಅವಳು ಬಿದ್ದ ಲೋಟ ಎತ್ತಿಟ್ಟು, ಆ ಹೆಂಗಸಿಗೆ ಮಕ್ಕಳಿದ್ದಾರಾ ಎಂದು ಕೇಳಿದಳು.

ಮೂರನೆಯ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋದೆ. ಮಳೆಯಿತ್ತು, ಕಡಲು ಒದರುತ್ತಿತ್ತು. ಗೋಡೆ ಗಡಿಯಾರದ ಕೆಳಗೆ ಇಬ್ಬರೂ ಕೂತೆವು. ಹೊತ್ತು ಗೊತ್ತಿಲ್ಲದೆ ಕಾಯುವುದು ಅತ್ತಿಗೆಗೆ ಮೂವತ್ತು ವರ್ಷದಿಂದ ರೂಢಿ. ಗೊತ್ತಿದ್ದು ಕಾಯುವುದು ಹೊಸತು. ಮೂರಾಯಿತು. ಮೂರೂವರೆ. ಈ ಹೊತ್ತು ಹೇಳುವುದೂ ನನ್ನ ಬಾಯಿಯಿಂದಲೇ ಶುರುವಾದದ್ದು ಎಂದು ಬೇಡವೆಂದರೂ ಅನ್ನಿಸಿತು. ನಾಲ್ಕಕ್ಕೆ ಅವಳು ಫೋನು ಮಡಿಲಲ್ಲಿ ಇಟ್ಟುಕೊಂಡಳು. ನಾಲ್ಕೂಕಾಲಿಗೆ ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು, ಅಣ್ಣ ನೀರು ಸುರಿಸಿಕೊಂಡು ಮೆಟ್ಟಿಲು ಹತ್ತಿ ಬಂದ.

ಅತ್ತಿಗೆ ಎದ್ದು ನಿಂತಳು. ಟವೆಲು ಕೊಡಲಿಲ್ಲ. ಬಾಗಿಲಿಗೆ ಹೋಗಿ ಅವನ ಮುಖ ನೋಡಿಯೇ ಹೇಳಿದಳು.

"ತಡ ಮಾಡ್ದ್ರಿ."

ಮದುವೆಯಾದ ಮೇಲೆ ಅವಳು ಆ ಮಾತನ್ನು ಅವನಿಗೆ ಹೇಳಿದ್ದು ಅದೇ ಮೊದಲು.